ಗಾಳದವರೂ ಒಲೆಯವರೂ

ದೇವರಮನೆ ಸೀಮೆಯ ಮಳೆಗಾಲದಲ್ಲಿ ಮನೆಮಂದಿಯೆಲ್ಲ ಕೂತು ಓದಿಕೊಳ್ಳಲು 'ಪರಿಸರದ ಕಥೆ'ಯಂಥ (1991) ಪುಸ್ತಕ ಅಪರೂಪ. ಮೂಡಿಗೆರೆಯ ತೇಜಸ್ವಿಯವರ ನಾಯಿ ಕಿವಿ, ಮಾರ, ಪ್ಯಾರ ಎಲ್ಲರೂ ಮಕ್ಕಳನ್ನೂ ಅಜ್ಜಿಯರನ್ನೂ ಒಟ್ಟಿಗೇ ನಗಿಸುತ್ತಾರೆ. ಆದರೂ ನನ್ನದೊಂದು ತಕರಾರಿದೆ. ಕಾಡು, ಹೊಳೆ ಸುತ್ತಿ ಹಸಿದು ಬಂದವರಿಗೆ ಒಲೆ ಉರಿಸಿಟ್ಟವರ ಮಾತು ಅಲ್ಲಿ ಕಡಿಮೆ.

ರಾಜೇಶ್ವರಿ ತೇಜಸ್ವಿಯವರ 'ನನ್ನ ತೇಜಸ್ವಿ' (2011) ಓದಿದಾಗ ಆ ಮನೆಯ ಇನ್ನೊಂದು ಬಾಗಿಲು ತೆರೆಯಿತು. ಪ್ರೀತಿ, ಪತ್ರಗಳು, ಕಾಫಿ ತೋಟ, ಹೆಣ್ಣುಮಕ್ಕಳು ಎಲ್ಲವೂ ಅಲ್ಲಿವೆ. ಕೆಲವೆಡೆ ಗಂಡನ ಮೇಲಿನ ಅಭಿಮಾನ ಅವರ ಸ್ವಂತ ದಣಿವನ್ನು ಮರೆಮಾಡುತ್ತದೆ, ಅಷ್ಟು ಹೇಳಲೇಬೇಕು. ಆದರೆ ಒಬ್ಬರ ಹವ್ಯಾಸಕ್ಕೆ ಇನ್ನೊಬ್ಬರು ಬಿಡುವು ಒದಗಿಸಬೇಕೆಂಬ ಸತ್ಯ ತಿಳಿಯುವುದು ಎರಡನ್ನೂ ಜೊತೆಗಿಟ್ಟು ಓದಿದಾಗಲೇ. ಮನೆಯ ಗಂಡಸರಿಗೂ ಓದಲು ಕೊಡಿ.