ಜಮೀನು ಕೊಟ್ಟರೆ ಊರಾದೀತೇ?

ಹಾಸನ, ಅರಕಲಗೂಡು ಕಡೆಯಿಂದ ಕುಶಾಲನಗರಕ್ಕೆ ಪ್ರವಾಸ ಹೋದವರು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡದೆ ಹಿಂದಿರುಗುವುದಿಲ್ಲ. ಟಿಬೆಟನ್ನರು ಎಷ್ಟು ಚೆನ್ನಾಗಿ ನೆಲೆಯೂರಿದ್ದಾರೆ ಎಂಬುದಕ್ಕೆ ಆ ಬಂಗಾರದ ಬುದ್ಧನೇ ಸಾಕ್ಷಿ ಎಂಬ ಮಾತು ರೂಢಿಯಾಗಿದೆ. ಆದರೆ ಆ ದೇಗುಲ ತೆರೆದದ್ದು 1999ರಲ್ಲಿ. ಅಷ್ಟರಲ್ಲಿ ಶಿಬಿರಕ್ಕೆ ನಲವತ್ತು ವರ್ಷವಾಗುತ್ತ ಬಂದಿತ್ತು. ಬೈಲಕುಪ್ಪೆಯ ನಿಜವಾದ ಸಾಧನೆ ನಡೆದದ್ದು ಅದಕ್ಕೂ ಬಹಳ ಮೊದಲು, ಫೋಟೋ ತೆಗೆಯಲು ಏನೂ ಇಲ್ಲದ ಕಾಲದಲ್ಲಿ. ಅದನ್ನು ಮೆಚ್ಚಬೇಕಾದಷ್ಟು ಯಾರೂ ಮೆಚ್ಚಿಲ್ಲ.

1960ರ ಕೊನೆಗೆ ಟಿಬೆಟನ್ ನಿರಾಶ್ರಿತರ ಮೊದಲ ತಂಡ ಬಂದಾಗ ಪಿರಿಯಾಪಟ್ಟಣ ತಾಲ್ಲೂಕಿನ ಆ ಜಾಗ ಕಾಡು. ರಾಜ್ಯ ಸರ್ಕಾರ ಗುತ್ತಿಗೆಗೆ ಕೊಟ್ಟದ್ದು ಸುಮಾರು 3,000 ಎಕರೆ. ಮುಖ್ಯವಾದದ್ದು ಎಕರೆಯ ಲೆಕ್ಕವಲ್ಲ, ಅದನ್ನು ಹಂಚಿದ ಬಗೆ. ಕುಟುಂಬಗಳನ್ನು ಒಟ್ಟೊಟ್ಟಿಗೆ ಕ್ಯಾಂಪುಗಳಾಗಿ ಕೂರಿಸಿದರು. ಇಂದಿಗೂ ಸುತ್ತಲಿನವರು ಇಷ್ಟನೇ ಕ್ಯಾಂಪ್ ಎಂದೇ ವಿಳಾಸ ಹೇಳುತ್ತಾರೆ. ಪ್ರತಿ ಕ್ಯಾಂಪಿಗೆ ಒಬ್ಬ ಮುಖಂಡ, ಎಲ್ಲಕ್ಕೂ ಸೇರಿ ಒಂದು ಸಹಕಾರ ಸಂಘ. ಉಳುವ ಟ್ರ್ಯಾಕ್ಟರ್ ಸಂಘದ್ದು, ಬೆಳೆದ ಮುಸುಕಿನ ಜೋಳ ಕೊಳ್ಳುವುದೂ ಸಂಘವೇ. ಶಾಲೆ, ಆಸ್ಪತ್ರೆ, ಪ್ರಾರ್ಥನೆಯ ಜಾಗ ಎಲ್ಲವೂ ಹತ್ತಿರದಲ್ಲೇ. ಬೇಸಾಯವನ್ನೇ ಅರಿಯದ ಅಲೆಮಾರಿ ದನಗಾಹಿಗೂ, ನೆಲ ಬದಲಾದರೂ ಸುತ್ತ ತನ್ನವರೇ ಇದ್ದರು. ರಾಜ್ಯದ ಟಿಬೆಟನ್ನರಿಗೆ ನೆಲೆ ಕಲ್ಪಿಸುವ ಕೆಲಸಕ್ಕೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಇಂದು ಅದರ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ಸ್ವಸಹಾಯ ಸಂಘಗಳು. ಮೊದಲ ಅಧ್ಯಾಯ ಮರೆತೇಹೋಗಿದೆ.

ಅದೇ 1968ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆಯ ಕೆಲಸ ಶುರುವಾಯಿತು. 1979ರಲ್ಲಿ ಮುಗಿದ ಜಲಾಶಯದ ಸಾಮರ್ಥ್ಯ 37 ಟಿಎಂಸಿ. ಎಡದಂಡೆ ನಾಲೆಯ ನೀರು ಚನ್ನರಾಯಪಟ್ಟಣ ದಾಟಿ ತುಮಕೂರಿಗೆ ಹರಿಯಿತು, ಬಲದಂಡೆಯ ನಾಲೆಗಳು ಹೊಳೆನರಸೀಪುರ, ಅರಕಲಗೂಡಿನ ಗದ್ದೆಗಳಿಗೆ ಇಳಿದವು. ಆ ಹಸಿರನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮುಳುಗಿದ ಊರುಗಳವರಿಗೆ ಸಿಕ್ಕಿದ್ದು ಜಮೀನಿನ ಮಂಜೂರಾತಿ ಪತ್ರ. ಹಾಸನದಲ್ಲಿ ‘ಎಚ್‌ಆರ್‌ಪಿ (ಹೇಮಾವತಿ ಜಲಾಶಯ ಯೋಜನೆ) ಜಮೀನು’ ಎಂದರೆ ಹಳಬರಿಗೆಲ್ಲ ಗೊತ್ತು: ಬೇರೆ ಬೇರೆ ತಾಲ್ಲೂಕುಗಳಲ್ಲಿ ಸರ್ವೆ ನಂಬರ್ ತೋರಿಸಿ ಕೊಟ್ಟ ಭೂಮಿ. ಸಂತ್ರಸ್ತರಿಗಾಗಿ ಆಲೂರು, ಸಕಲೇಶಪುರದ ಕಡೆ ಕಾಡನ್ನೂ ಬಿಟ್ಟುಕೊಟ್ಟರು. ಆ ಭಾಗದಲ್ಲಿ ಕಾಡಾನೆಯ ಕಾಟ ಇಂದಿಗೂ ನಿಂತಿಲ್ಲ. ಹಕ್ಕುದಾರರ ಹೆಸರಿನಲ್ಲಿ ನಕಲಿ ದಾಖಲೆ ಸೃಷ್ಟಿಸಿ ಬೇರೆಯವರು ಜಮೀನು ಹೊಡೆದ ಆರೋಪಗಳೂ ಎದ್ದವು. ಊರು ಒಟ್ಟಿಗೆ ಇದ್ದಿದ್ದರೆ ಯಾರು ನಿಜವಾದ ಸಂತ್ರಸ್ತ ಎಂದು ನೆರೆಹೊರೆಯವರೇ ಹೇಳುತ್ತಿದ್ದರು. ಹೇಮಾವತಿ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಚಿತ್ರ ಮಳೆಗಾಲ ಬಂದೊಡನೆ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತದೆ. ಅಲ್ಲಿದ್ದ ಒಕ್ಕಲುಗಳು ಎಲ್ಲಿ ಹೋದವು ಎಂದು ಕೇಳುವವರು ಕಡಿಮೆ.

ಈ ಹೋಲಿಕೆಗೆ ಎರಡು ಆಕ್ಷೇಪಗಳಿವೆ. ಟಿಬೆಟನ್ನರಿಗೆ ವಿದೇಶಿ ಹಣ ಬಂತು, ನಮ್ಮವರಿಗೆ ಬರಲಿಲ್ಲ ಎಂಬುದು ಮೊದಲನೆಯದು. ಹಣ ಬಂದದ್ದು ನಿಜ. ಆದರೆ ಒಂದು ಹಳ್ಳಿಯ ಐವತ್ತು ಮನೆಗಳನ್ನು ಅಕ್ಕಪಕ್ಕದಲ್ಲೇ ಕೂರಿಸಲು ವಿದೇಶಿ ಹಣ ಬೇಕಿರಲಿಲ್ಲ. ನಕಾಶೆಯ ಮುಂದೆ ಕುಳಿತ ಅಧಿಕಾರಿಗೆ ಆ ಯೋಚನೆ ಇರಬೇಕಿತ್ತು. ಎರಡನೆಯದು ಇನ್ನಷ್ಟು ಗಟ್ಟಿಯಾಗಿ ಕೇಳುವ ವಾದ: ಒಟ್ಟಿಗೆ ಇಟ್ಟರೆ ಅವರು ದ್ವೀಪವಾಗುತ್ತಾರೆ, ಚದುರಿಸಿದರೆ ಸ್ಥಳೀಯರೊಡನೆ ಬೆರೆಯುತ್ತಾರೆ. ಇದು ತಪ್ಪು ಎಂದು ಬೈಲಕುಪ್ಪೆಯೇ ತೋರಿಸುತ್ತದೆ. ಸುತ್ತಲಿನ ಹಳ್ಳಿಗಳ ಕೂಲಿಯವರು ಟಿಬೆಟನ್ನರ ಜೋಳದ ಹೊಲಗಳಲ್ಲಿ ದುಡಿದರು, ಅಂಗಡಿಯ ಟಿಬೆಟನ್ನರು ಕನ್ನಡ ಕಲಿತರು. ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿ ಒಟ್ಟಾಗಿಯೇ ನೆಲೆಸಿದ ಪೂರ್ವ ಬಂಗಾಳದ ನಿರಾಶ್ರಿತರೂ ಭತ್ತ ಬೆಳೆದು, ಕನ್ನಡ ಕಲಿತು ಬಾಳುತ್ತಿದ್ದಾರೆ. ಬೆನ್ನ ಹಿಂದೆ ತನ್ನವರಿದ್ದಾರೆ ಎಂಬ ಧೈರ್ಯವಿದ್ದವನೇ ಹೊಸಬರ ಸಂತೆಗೆ ಹೋಗಿ ಮಾತು ಕಲಿಯುತ್ತಾನೆ. ಒಂಟಿಯಾಗಿ ಬಿದ್ದವನು ಊರಿನ ಅಂಚಿನಲ್ಲೇ ಉಳಿಯುತ್ತಾನೆ.

ಬೈಲಕುಪ್ಪೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಜಮೀನು ಇಂದಿಗೂ ಗುತ್ತಿಗೆಯದೇ. ಕುಟುಂಬ ಬೆಳೆದಂತೆ ಹೊಲ ಬೆಳೆಯಲಿಲ್ಲ. ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದೂರುಗಳಿಗೆ ಹೋಗುವುದು ಬದುಕಾಯಿತು, ಯುವಕರು ವಿದೇಶದ ಕಡೆ ಮುಖ ಮಾಡಿದರು. ಆದರೂ ನೆಲೆ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಈ ರಾಜ್ಯ ಕೊಟ್ಟ ಉತ್ತರಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಸಕಲೇಶಪುರದಲ್ಲಿ ಶುರುವಾಗುವ ಎತ್ತಿನಹೊಳೆ ಯೋಜನೆಗೂ ಜಲಾಶಯ ಬೇಕಾಗಿದೆ. ಅದಕ್ಕೆ ಗುರುತಿಸಿದ್ದು ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳ ಗಡಿಯ ಬೈರಗೊಂಡ್ಲು ಪ್ರದೇಶ. ಎಲ್ಲಿ ಊರು ಮುಳುಗಿಸಬೇಕಾಗಿ ಬಂದರೂ ಪರಿಹಾರದ ದರ ನಿಗದಿಗೆ ಮೊದಲು ಊರಿನವರನ್ನು ಕೂರಿಸಿ, ಯಾರ ಮನೆಯ ಪಕ್ಕ ಯಾರ ಮನೆ ಬರಬೇಕೆಂದು ಅವರಿಂದಲೇ ಬರೆಸಿಕೊಳ್ಳಿ. ಹೇಮಾವತಿಯ ಮಂಜೂರಾತಿ ಪಟ್ಟಿಯನ್ನೂ ಗ್ರಾಮವಾರು ಪ್ರಕಟಿಸಿ ಗ್ರಾಮಸಭೆಗಳಲ್ಲಿ ಓದಿಸಿ. ಹಾಸನ ಜಿಲ್ಲಾಡಳಿತ ಇದನ್ನು ನಾಳೆಯೇ ಶುರು ಮಾಡಬಹುದು.