ಅಂಗಿ ಬದಲಿಸೋಕೆ ಮನೆ ಬದಲಿಸಬೇಕಾ?

ಲಿನಕ್ಸ್ ರುಚಿ ಹತ್ತಿದವರಿಗೆ ಒಂದು ಚಟ ಅಂಟಿಕೊಳ್ಳುತ್ತೆ. ಶುಕ್ರವಾರ ರಾತ್ರಿ ಹೊಸ ಡಿಸ್ಟ್ರೋ ಇಳಿಸಿಕೊಳ್ಳೋದು, ಪೆನ್‌ಡ್ರೈವ್‌ಗೆ ಹಾಕೋದು, ಭಾನುವಾರದೊಳಗೆ ಇನ್ನೊಂದಕ್ಕೆ ಹಾರೋದು. ಉಬುಂಟು ಆಯ್ತು, ಮಿಂಟ್ ಆಯ್ತು, ಫೆಡೋರಾ ಆಯ್ತು, ಈಗ ಆರ್ಚ್. ಹಾರೋದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಹಾರುವಾಗ ನಮ್ಮ ಕಣ್ಣು ಬಹುಪಾಲು ಡೆಸ್ಕ್‌ಟಾಪಿನ ಚಂದದ ಮೇಲೇ ಇರುತ್ತೆ. ಗ್ನೋಮ್, ಕೆಡಿಇ ಎರಡನ್ನೂ ಈ ನಾಲ್ಕರಲ್ಲೂ ಹಾಕಿಕೊಳ್ಳಬಹುದಲ್ಲ!

ಡಿಸ್ಟ್ರೋಗಳ ನಿಜವಾದ ವ್ಯತ್ಯಾಸ ಎರಡು ಕಡೆ ಇದೆ. ಮೊದಲನೆಯದು ವೇಗ. ಉಬುಂಟು ಎಲ್‌ಟಿಎಸ್ 2 ವರ್ಷಕ್ಕೊಮ್ಮೆ ಬರುತ್ತೆ, 5 ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೆ. ಫೆಡೋರಾ 6 ತಿಂಗಳಿಗೊಮ್ಮೆ ಹೊಸದಾಗುತ್ತೆ, ಒಂದು ಆವೃತ್ತಿಯ ಆಯಸ್ಸು ಸುಮಾರು 13 ತಿಂಗಳು. ಆರ್ಚ್‌ಗೆ ಆವೃತ್ತಿ ಅನ್ನೋದೇ ಇಲ್ಲ, ಅಪ್‌ಡೇಟ್ ಹರಿದು ಬರ್ತಾನೇ ಇರುತ್ತೆ. ಅದರ ವಿಕಿಯನ್ನು ಬೇರೆ ಡಿಸ್ಟ್ರೋದವರೂ ಓದುತ್ತಾರೆ, ಅಷ್ಟು ಚೆನ್ನಾಗಿದೆ. ಆದರೆ ಅಪ್‌ಡೇಟ್‌ಗೆ ಮುಂಚೆ ಅದರ ಸುದ್ದಿ ಪುಟ ನೋಡುವ ತಾಳ್ಮೆ ಇಲ್ಲದವರಿಗೆ ಆರ್ಚ್ ಅಲ್ಲ.

ಎರಡನೆಯದು, ನಿರ್ಧಾರ ಯಾರದು ಅನ್ನೋದು. ಸೆಂಟ್‌ಒಎಸ್ 8 ಅನ್ನು 2029ರವರೆಗೆ ನೋಡಿಕೊಳ್ಳುವ ಮಾತಿತ್ತು. 2020ರ ಡಿಸೆಂಬರ್‌ನಲ್ಲಿ ರೆಡ್ ಹ್ಯಾಟ್ ಅದನ್ನು 2021ರ ಕೊನೆಗೇ ನಿಲ್ಲಿಸುವುದಾಗಿ ಹೇಳಿತು. ಅದನ್ನೇ ನಂಬಿ ಸರ್ವರ್ ನಡೆಸುತ್ತಿದ್ದವರು ಒಂದೇ ವರ್ಷದಲ್ಲಿ ಗಂಟುಮೂಟೆ ಕಟ್ಟಬೇಕಾಯ್ತು. ರಾಕಿ, ಆಲ್ಮಾ ಹುಟ್ಟಿದ್ದು ಆ ಹೊಡೆತದಿಂದಲೇ. ಉಬುಂಟು 20.04ರಲ್ಲಿ ಕ್ರೋಮಿಯಂ ಹಾಕಲು ಹೋದರೆ ಅದು ಸ್ನ್ಯಾಪ್ ರೂಪದಲ್ಲಿ ಬರುತ್ತಿತ್ತು. ಅದೇ ಉಬುಂಟು ಮೇಲೆ ನಿಂತ ಮಿಂಟ್ 20, ಬಳಕೆದಾರರನ್ನು ಕೇಳದೆ ಸ್ನ್ಯಾಪ್ ಒಳಗೆ ಬರಬಾರದು ಅಂತ ಬಾಗಿಲು ಹಾಕಿತು. ಮಿಂಟ್ ಏನು ಅಂತ ತಿಳಿಯೋಕೆ ಅದರ ಹಸಿರು ಥೀಮಿಗಿಂತ ಈ ಒಂದು ‘ಬೇಡ’ ಸಾಕು. 1993ರಲ್ಲಿ ಶುರುವಾದ ಡೆಬಿಯನ್ ನೋಡೋಕೆ ಸಪ್ಪೆ ಅನ್ನಿಸಬಹುದು. ಆದರೆ ಅದಕ್ಕೆ ಕಂಪನಿ ಮಾಲೀಕರಿಲ್ಲ. ತನ್ನದೇ ಸಂವಿಧಾನ ಇದೆ, ಮುಖ್ಯಸ್ಥರನ್ನು ಡೆವಲಪರ್‌ಗಳೇ ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಾರೆ. ನನ್ನ ಓಟು ಅದಕ್ಕೇ.

ಇನ್ನು ಟ್ರೈ ಮಾಡುವ ರೀತಿ. ಇನ್‌ಸ್ಟಾಲ್ ಮಾಡುವ ಮುಂಚೆ ಲೈವ್ ಸೆಷನ್‌ನಲ್ಲೇ ಮೂರು ವಿಷಯ ನೋಡಿ: ವೈಫೈ ಸಿಗುತ್ತಾ, ಲ್ಯಾಪ್‌ಟಾಪ್ ಮುಚ್ಚಿ ತೆಗೆದರೆ ಸರಿಯಾಗಿ ಏಳುತ್ತಾ, ಕನ್ನಡದ ಒತ್ತಕ್ಷರ ಒಡೆಯದೆ ಕಾಣುತ್ತಾ. ಇನ್‌ಸ್ಟಾಲ್ ಆದಮೇಲೆ ಐಬಸ್‌ನಲ್ಲಿ ಕೆಜಿಪಿ ಲೇಔಟ್ ಹಾಕಿಕೊಂಡು ನಾಲ್ಕು ಸಾಲು ಕನ್ನಡ ಟೈಪ್ ಮಾಡಿ. ಆಮೇಲೆ ಒಂದು ಆರು ತಿಂಗಳು ಅಲ್ಲೇ ಇರಿ. ಮೊದಲ ಸಂಜೆ ಎಲ್ಲ ಡಿಸ್ಟ್ರೋನೂ ಚೆನ್ನಾಗೇ ಕಾಣುತ್ತೆ. ಒಂದು ದೊಡ್ಡ ಅಪ್‌ಗ್ರೇಡ್ ದಾಟಿದ ಮೇಲೆ ಅದು ಹೇಗಿದೆ ಅಂತ ಹೇಳಿ, ಆ ಮಾತಿಗೆ ಬೆಲೆ ಇದೆ.