ಹಳಿಯೇ ಕಾವಲುಗಾರ

ಜರ್ಮನಿಯ ಮೆರ್ಕ್ಲಿನ್ ಮಾದರಿ ರೈಲುಗಳಲ್ಲಿ ನನ್ನ ಮನಸೂರೆಗೊಂಡದ್ದು ಎಂಜಿನ್ನಲ್ಲ, ಹಳಿಯಡಿಯ ವೈರಿಂಗ್. ಅಲ್ಲಿ ಎಂಜಿನ್ನಿಗೆ ಕರೆಂಟು ಸಿಗುವುದು ನಡುವಿನ ಲೋಹದ ಸಣ್ಣ ಮೊನೆಗಳಿಂದ. ಅಕ್ಕಪಕ್ಕದ ಎರಡೂ ಹಳಿಗಳು ಅದು ಮರಳುವ ದಾರಿ. ಮರಳಲು ಒಂದೇ ಹಳಿ ಸಾಕು. ಹಾಗಾಗಿ ಇನ್ನೊಂದನ್ನು ಬ್ಲಾಕಿನ, ಅಂದರೆ ಒಮ್ಮೆಗೆ ಒಂದೇ ರೈಲು ಇರಬೇಕಾದ ಹಳಿಭಾಗದ, ಉದ್ದಕ್ಕೂ ಬೇರ್ಪಡಿಸಿ ರಿಲೇ ಎಂಬ ವಿದ್ಯುತ್ ಸ್ವಿಚ್ಚಿಗೆ ಜೋಡಿಸುತ್ತಾರೆ. ಗಾಲಿಗಳ ಅಚ್ಚು ಎರಡು ಹಳಿಗಳನ್ನು ಬೆಸೆದ ಕೂಡಲೇ ರಿಲೇ ಟಕ್ಕೆನ್ನುತ್ತದೆ. ಹಿಂದಿನ ಬ್ಲಾಕಿನ ಕೊನೆಯ ತುಂಡಿನಲ್ಲಿ ನಡುವಿನ ಕರೆಂಟು ಕಡಿದು, ಸಿಗ್ನಲ್ ಕೆಂಪಾಗಿ, ಹಿಂಬಾಲಿಸಿ ಬಂದ ರೈಲು ತಾನಾಗಿ ನಿಲ್ಲುತ್ತದೆ.

ಬೋಗಿಯೊಂದು ಕಳಚಿಕೊಂಡು ಹಿಂದುಳಿದರೂ ಚಿಂತೆಯಿಲ್ಲ. ಅದರ ಗಾಲಿಗಳು ಅಲ್ಲಿರುವವರೆಗೂ ಸಿಗ್ನಲ್ ಕೆಂಪೇ! ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಎಚ್ಚರವನ್ನು ಕಟ್ಟಿದ್ದು ನಿಜಕ್ಕೂ ದೊಡ್ಡ ಜಾಣ್ಮೆ.

ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ನಿಜವಾದ ರೈಲಿಗೆ ರೂಪಿಸಿದ ಟ್ರ್ಯಾಕ್ ಸರ್ಕ್ಯೂಟ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಹಳಿ ಖಾಲಿಯಿದ್ದಾಗ ರಿಲೇಯಲ್ಲಿ ಕರೆಂಟು ಹರಿಯುತ್ತದೆ, ರೈಲು ಬಂದರೆ ನಿಲ್ಲುತ್ತದೆ. ವೈರು ತುಂಡಾದರೂ ಕೆಂಪೇ ಬೀಳುತ್ತದೆ. ಮಾದರಿಯಲ್ಲಿ ಆ ರಕ್ಷಣೆಯಿಲ್ಲ, ಆದ್ದರಿಂದ ಬೆಸುಗೆ ಗಟ್ಟಿಯಾಗಿರಬೇಕು.

ನೀವೂ ಕಟ್ಟುವುದಾದರೆ, ಸುತ್ತುಹಳಿಯಲ್ಲಿ ರೈಲುಗಳಿಗಿಂತ ಒಂದು ಬ್ಲಾಕಾದರೂ ಹೆಚ್ಚಿರಲಿ. ಇಲ್ಲವಾದರೆ ಎಲ್ಲ ರೈಲುಗಳೂ ಒಂದನ್ನೊಂದು ಕಾಯುತ್ತ ನಿಂತುಬಿಡುತ್ತವೆ.